ಕೆಲಸದ ಜಾಗದಲ್ಲಿ ಕಥನ

ಕೆಲಸದ ಜಾಗದಲ್ಲಿ ಕಥನ: ವಿಷಯ ಮನದಟ್ಟು ಮಾಡಿಸಲು, ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ದಾಟಿಸಲು, ಬದಲಾವಣೆಗೆ ಜನರನ್ನು ಒಪ್ಪಿಸಲು, ತಂಡವನ್ನು ಮುನ್ನಡೆಸಲು ನಡೆದ ಸಂಗತಿಗಳನ್ನು ಕಥೆಯಾಗಿ ಹೇಳುವ ರೂಢಿ. ಆ ರೂಢಿಯ ಅಧ್ಯಯನಕ್ಕೂ ಇದೇ ಹೆಸರು. ಇಲ್ಲಿ ಕಥೆ ಎಂದರೆ ಕಲ್ಪಿಸಿ ಬರೆದದ್ದಲ್ಲ. ಒಬ್ಬ ಮನುಷ್ಯ, ಅವನಿಗೆ ಎದುರಾದ ತೊಡಕು, ಅವನು ಮಾಡಿದ್ದು, ಅದರಿಂದ ಆದದ್ದು ಇವಿಷ್ಟು ಒಂದರ ಹಿಂದೊಂದು ಬಂದರೆ ಎರಡು ನಿಮಿಷದ ಮಾತೂ ಕಥೆಯೇ. ಆಡಳಿತ ನಿರ್ವಹಣೆಯ ವಿದ್ವಾಂಸರು ಇದನ್ನು ಗಂಭೀರವಾಗಿ ಗಮನಿಸತೊಡಗಿದ್ದು 1980ರ ದಶಕದಲ್ಲಿ. ತರಬೇತಿಯ ಸರಕಾಗಿ ಇದು ಸಂತೆಗೆ ಬಂದದ್ದು 2000ದ ನಂತರ.

ಕನ್ನಡದ ಕಚೇರಿಗಳಲ್ಲಿ ‘ಕಥೆ’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಫೈಲು ಯಾಕೆ ಮುಂದೆ ಹೋಗಲಿಲ್ಲ ಎಂದು ಗುಮಾಸ್ತರು ವಿವರಿಸತೊಡಗಿದರೆ ಸಾಹೇಬರು ‘ಕಥೆ ಹೇಳಬೇಡಿ, ವಿಷಯಕ್ಕೆ ಬನ್ನಿ’ ಎನ್ನುತ್ತಾರೆ. ಇನ್ನೂ ಸಿಟ್ಟು ಬಂದಿದ್ದರೆ ಅದು ‘ಕಾಗಕ್ಕ ಗುಬ್ಬಕ್ಕನ ಕಥೆ’ಯಾಗುತ್ತದೆ. ಅದೇ ಸಾಹೇಬರು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬುತ್ತಿ ಬಿಚ್ಚಿ, ತಾವು ಪ್ರೊಬೇಷನರ್ ಆಗಿದ್ದಾಗ ಒಂದು ಸೊನ್ನೆ ಹೆಚ್ಚಿಗೆ ಬರೆದು ಪಟ್ಟ ಪಾಡನ್ನು ಹೊಸಬರಿಗೆ ಹೇಳುತ್ತಾರೆ. ಆ ದಿನದಿಂದ ಹೊಸಬರು ಸೊನ್ನೆಗಳನ್ನು ಎರಡು ಸಲ ಎಣಿಸುತ್ತಾರೆ. ಒಂದೇ ಕಟ್ಟಡದಲ್ಲಿ ಒಂದೇ ಪದ ಬೆಳಿಗ್ಗೆ ಬೈಗುಳ, ಮಧ್ಯಾಹ್ನ ಪಾಠ. ಈ ಎರಡು ಮುಖಗಳನ್ನೂ ಬಿಡದೆ ನೋಡಿದರೆ ಮಾತ್ರ ವಿಷಯ ಹಿಡಿತಕ್ಕೆ ಸಿಗುತ್ತದೆ. ಈಚಿನ ಪುಸ್ತಕಗಳಲ್ಲಿ ಬಹುಪಾಲು ಎರಡನೆಯದನ್ನೇ ಹೊಗಳುತ್ತವೆ.

ಹಳೆಯ ಬೇರು

ಆಳುವವರಿಗೆ ಕಥೆಯ ಮೂಲಕ ಕಲಿಸುವ ಯೋಚನೆ ಭಾರತಕ್ಕೆ ಹೊಸದಲ್ಲ. ಓದು ತಲೆಗೆ ಹತ್ತದ ಮೂವರು ರಾಜಕುಮಾರರಿಗೆ ವಿಷ್ಣುಶರ್ಮ ಆರು ತಿಂಗಳಲ್ಲಿ ರಾಜನೀತಿ ಕಲಿಸಿದ್ದು ಪಂಚತಂತ್ರದ ಚೌಕಟ್ಟು. ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಸ್ವತಃ ಅಧಿಕಾರಿ. ಚಾಳುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಒಪ್ಪಂದಗಳ ಖಾತೆ ನೋಡಿಕೊಳ್ಳುವವನು. 1031ರ ಸುಮಾರಿಗೆ ಬಂದ ಈ ಚಂಪೂ ಕೃತಿ ಹೆಚ್ಚು ಪ್ರಚಾರದಲ್ಲಿರುವ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿದೆ.

ಪಂಚತಂತ್ರದ ಮೊದಲ ಭಾಗ, ದುರ್ಗಸಿಂಹನಲ್ಲಿ ಭೇದಪ್ರಕರಣ, ಇವತ್ತಿನ ಯಾವ ಕಚೇರಿಗೂ ಹೊರಗಿನದಲ್ಲ. ಎತ್ತು ಗುಟುರು ಹಾಕಿದ್ದನ್ನು ಕೇಳಿ ಸಿಂಹ ಹೆದರಿದೆ. ದರಬಾರಿನಲ್ಲಿ ಸ್ಥಾನ ಕಳೆದುಕೊಂಡ ದಮನಕನೆಂಬ ನರಿ ಆ ಭಯವನ್ನು ಪತ್ತೆಹಚ್ಚಿ ಒಳಗೆ ಜಾಗ ಮಾಡಿಕೊಳ್ಳುತ್ತದೆ. ಎತ್ತನ್ನು ಸಿಂಹದ ಸ್ನೇಹಿತನನ್ನಾಗಿ ಮಾಡುತ್ತದೆ. ಆಮೇಲೆ ತನ್ನ ಮಾತಿಗೆ ಬೆಲೆ ಕಡಿಮೆಯಾಯಿತೆಂದು ಅದೇ ಸ್ನೇಹವನ್ನು ಒಡೆಯುತ್ತದೆ. ಆಯುಧ ಒಂದೇ: ಹೊತ್ತಿಗೆ ತಕ್ಕ ಕಥೆ. ಕಥೆಯ ಮೂಲಕ ನೀತಿ ಕಲಿಸುವ ಪುಸ್ತಕ ಶುರುವಾಗುವುದೇ ಕಥೆಯ ಮೂಲಕ ಕೆಲಸ ಕೆಡಿಸಿದವನಿಂದ. ಹನ್ನೊಂದನೆಯ ಶತಮಾನದ ಸಂಧಿವಿಗ್ರಹಿಗೆ ಈ ಪಾತ್ರದ ಪರಿಚಯ ಬೇರೆಲ್ಲೂ ಆಗಬೇಕಿರಲಿಲ್ಲ, ದಿನಾ ಹೋಗುತ್ತಿದ್ದ ಆಸ್ಥಾನದಲ್ಲೇ ಆಗಿರಬೇಕು.

ಅಧ್ಯಯನದ ದಾರಿ

ಆಧುನಿಕ ಸಂಸ್ಥೆಗಳ ಕಥೆಗಳನ್ನು ಕೂಡಿಹಾಕಿ ಹೋಲಿಸಿದ ಮುಖ್ಯ ಪ್ರಬಂಧ 1983ರಲ್ಲಿ ಬಂತು. ಅಮೆರಿಕದ ಜೊವಾನ್ ಮಾರ್ಟಿನ್ ಮತ್ತು ಅವರ ಜೊತೆಗಾರರು ಕಂಡುಕೊಂಡದ್ದು ತಮಾಷೆಯಾಗಿದೆ. ‘ನಮ್ಮಂಥ ಸಂಸ್ಥೆ ಇನ್ನೊಂದಿಲ್ಲ’ ಎಂದು ತೋರಿಸಲು ಪ್ರತಿ ಸಂಸ್ಥೆಯೂ ಹೇಳುವ ಕಥೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅವು ಏಳು ಪ್ರಶ್ನೆಗಳ ಸುತ್ತ ತಿರುಗುತ್ತವೆ. ದೊಡ್ಡವರೇ ನಿಯಮ ಮುರಿದರೆ ಏನು ಮಾಡಬೇಕು? ದೊಡ್ಡ ಸಾಹೇಬರು ನಮ್ಮ ಹಾಗೆ ಮನುಷ್ಯರೇ? ಕೆಳಗಿನವನು ಮೇಲೆ ಬರಬಹುದೇ? ನನ್ನನ್ನು ತೆಗೆದುಹಾಕುತ್ತಾರೆಯೇ? ವರ್ಗವಾದರೆ ಸಂಸ್ಥೆ ಕೈಹಿಡಿಯುತ್ತದೆಯೇ? ತಪ್ಪಾದರೆ ಮೇಲಿನವರು ಹೇಗೆ ನಡೆದುಕೊಳ್ಳುತ್ತಾರೆ? ಕಷ್ಟ ಬಂದಾಗ ಸಂಸ್ಥೆ ಏನು ಮಾಡುತ್ತದೆ?

ಮೊದಲ ಪ್ರಶ್ನೆಗೆ ಅವರು ಕೊಟ್ಟ ಜೋಡಿ ಕಥೆಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ. ಐಬಿಎಂನಲ್ಲಿ ಹೇಳುತ್ತಿದ್ದ ಕಥೆ ಇದು. ಭದ್ರತೆಯ ವಿಭಾಗವೊಂದರ ಬಾಗಿಲಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿ ಕಾವಲಿದ್ದಾಳೆ. ಹೊಸದಾಗಿ ಮದುವೆಯಾದವಳು, ಸಣಕಲು ದೇಹ, ಸಮವಸ್ತ್ರ ಮೈಮೇಲೆ ಜೋಲುತ್ತಿದೆ. ಕಂಪನಿಯ ಅಧ್ಯಕ್ಷ ಥಾಮಸ್ ವಾಟ್ಸನ್ ಜೂನಿಯರ್ ಪರಿವಾರದೊಂದಿಗೆ ಬರುತ್ತಾರೆ. ಎದೆಯ ಮೇಲಿರುವುದು ಬೇರೆ ಬಣ್ಣದ ಬ್ಯಾಡ್ಜು, ಈ ಬಾಗಿಲಿಗೆ ಬೇಕಾದದ್ದಲ್ಲ. ಹುಡುಗಿ ಕಲಿಸಿಕೊಟ್ಟ ಮಾತನ್ನೇ ಹೇಳಿ ತಡೆಯುತ್ತಾಳೆ. ಇವರು ಯಾರು ಗೊತ್ತೇ ಎಂದು ಪರಿವಾರದಲ್ಲೊಬ್ಬರು ಗದರುತ್ತಾರೆ. ವಾಟ್ಸನ್ ಸುಮ್ಮನಿರಿ ಎಂಬಂತೆ ಕೈಯೆತ್ತುತ್ತಾರೆ. ಯಾರೋ ಓಡಿಹೋಗಿ ಸರಿಯಾದ ಬ್ಯಾಡ್ಜು ತರುವವರೆಗೆ ಎಲ್ಲರೂ ಬಾಗಿಲ ಹೊರಗೆ ಕಾಯುತ್ತಾರೆ. ರೆವ್ಲಾನ್ ಕಂಪನಿಯ ಬಗ್ಗೆ ಹೇಳುತ್ತಿದ್ದ ಕಥೆಯಲ್ಲೂ ಅದೇ ಸನ್ನಿವೇಶ. ಒಡೆಯ ಚಾರ್ಲ್ಸ್ ರೆವ್ಸನ್ ಹಾಜರಿ ಹಾಳೆಯನ್ನು ಕೈಗೆತ್ತಿಕೊಳ್ಳುತ್ತಾರೆ, ಹೊಸದಾಗಿ ಸೇರಿದ ರಿಸೆಪ್ಷನಿಸ್ಟ್ ಅದನ್ನು ಯಾರೂ ಮುಟ್ಟಬಾರದು ಎಂದು ತಡೆಯುತ್ತಾಳೆ, ಸಂಜೆಯೊಳಗೆ ಅವಳ ಲೆಕ್ಕ ಚುಕ್ತಾ. ಎರಡು ಕಂಪನಿಗಳಲ್ಲೂ ಗೋಡೆಯ ಮೇಲೆ ಒಂದೇ ನಿಯಮ ಬರೆದಿದ್ದಿರಬಹುದು. ಕೆಲಸಗಾರರು ಓದಿಕೊಂಡದ್ದು ಗೋಡೆಯನ್ನಲ್ಲ, ಈ ಕಥೆಗಳನ್ನು.

ಮುಂದಿನ ಹೆಜ್ಜೆ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವವರಿಂದ ಬಂತು. ಮಾನವಶಾಸ್ತ್ರಜ್ಞ ಜೂಲಿಯನ್ ಆರ್ 1980ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಮೆಕ್ಯಾನಿಕ್‌ಗಳ ಹಿಂದೆಯೇ ತಿರುಗಿ ಅವರ ಕೆಲಸವನ್ನು ಗಮನಿಸಿದರು. ಪುಸ್ತಕ 1996ರಲ್ಲಿ ಪ್ರಕಟವಾಯಿತು. ಕಂಪನಿಯ ಲೆಕ್ಕದಲ್ಲಿ ರಿಪೇರಿ ಸುಲಭ. ಮೆಷಿನ್ ಒಂದು ಎರರ್ ಕೋಡ್ ತೋರಿಸುತ್ತದೆ, ಕೈಪಿಡಿ ತೆರೆದು ಅಲ್ಲಿ ಹೇಳಿದ ಹಾಗೆ ಮಾಡುವುದು. ಆದರೆ ಹಳೆಯ ಮೆಷಿನ್‌ಗಳು ತೋರಿಸುವ ಕೋಡ್ ಒಂದು, ಒಳಗಿನ ಕಾಯಿಲೆ ಇನ್ನೊಂದು. ಅಂಥ ಹೊತ್ತಿನಲ್ಲಿ ಮೆಕ್ಯಾನಿಕ್ ಮತ್ತು ಅವನಿಗಿಂತ ಅನುಭವಿಯಾದ ಇನ್ನೊಬ್ಬ ಮೆಷಿನ್ ಮುಂದೆ ನಿಂತು ಹಿಂದೆ ಕಂಡ ಮೆಷಿನ್‌ಗಳ ಕಥೆಗಳನ್ನು ಗಂಟೆಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಇದು ಆವತ್ತಿನದರ ಹಾಗಿದೆ, ಆದರೆ ಆವತ್ತು ಹೊಗೆ ಬಂದಿತ್ತು, ಇಲ್ಲಿ ಬಂದಿಲ್ಲ, ಹಾಗಾದರೆ ಅದಲ್ಲ, ಎನ್ನುತ್ತ ಒಂದೊಂದಾಗಿ ಕೈಬಿಡುತ್ತ ಕೊನೆಗೆ ರೋಗ ಸಿಗುತ್ತಿತ್ತು. ಊಟದ ಹೊತ್ತಿನ ಹರಟೆಯೂ ಇಂಥದ್ದೇ. ಮೇಲ್ವಿಚಾರಕರ ಕಣ್ಣಿಗೆ ಕಾಲಹರಣವಾಗಿ ಕಂಡದ್ದು ನಿಜವಾಗಿ ಅವರ ತರಬೇತಿ ಶಾಲೆ. ಇಂಥ ಒಳಗುಟ್ಟುಗಳನ್ನು ಕಂಪನಿಯೇ ಆಮೇಲೆ ‘ಯುರೇಕಾ’ ಎಂಬ ವ್ಯವಸ್ಥೆಯಲ್ಲಿ ಸಂಗ್ರಹಿಸತೊಡಗಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಗ್ಯಾರೇಜುಗಳಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿದವರಿಗೆ ಈ ಸಂಶೋಧನೆಯಲ್ಲಿ ಅಚ್ಚರಿಯದೇನೂ ಕಾಣಲಿಕ್ಕಿಲ್ಲ.

ಡೇವಿಡ್ ಬೋಜೆ 1991ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಹಿಡಿದರು. ಕಚೇರಿಯಲ್ಲಿ ಕಥೆಗಳನ್ನು ಯಾರೂ ಪೂರ್ತಿ ಹೇಳುವುದಿಲ್ಲ. ‘ಆವತ್ತು ಆಯ್ತಲ್ಲ, ಹಾಗೇ’ ಎಂದರೆ ಸಾಕು, ಗೊತ್ತಿದ್ದವರು ತಲೆಯಾಡಿಸುತ್ತಾರೆ, ಗೊತ್ತಿಲ್ಲದವರು ಹೊರಗಿನವರು. ಹೊಸದಾಗಿ ಸೇರಿದವರ ಮೊದಲ ಆರು ತಿಂಗಳ ಒಂಟಿತನಕ್ಕೆ ಅರ್ಧ ಕಾರಣ ಇದೇ ಇರಬೇಕು.

ಕಾಮನಾ ಎಂಬ ಊರು

ಸಂಶೋಧಕರ ಈ ವಿಷಯವನ್ನು ಮುಂದಾಳುಗಳ ಕೈಗೆ ದಾಟಿಸಿದವರು ಸ್ಟೀಫನ್ ಡೆನ್ನಿಂಗ್. ಆಸ್ಟ್ರೇಲಿಯಾ ಮೂಲದ ಈ ವಕೀಲರು ವಿಶ್ವಬ್ಯಾಂಕಿನಲ್ಲಿ ಆಫ್ರಿಕಾದ ಹೊಣೆ ಹೊತ್ತಿದ್ದವರು. 1996ರಲ್ಲಿ ಅವರಿಗೆ ಸಿಕ್ಕಿದ್ದು ಮಾಹಿತಿಯ ವಿಷಯ ನೋಡಿಕೊಳ್ಳುವ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕೆಲಸ. ಬ್ಯಾಂಕಿನ ಬಳಿ ಸಾಲದ ಹಣಕ್ಕಿಂತ ಬೆಲೆಬಾಳುವ ಅನುಭವವಿದೆ, ಅದನ್ನು ಜಗತ್ತಿನ ಜೊತೆ ಹಂಚಿಕೊಳ್ಳಬೇಕು ಎಂದು ಅವರಿಗೆ ಅನ್ನಿಸಿತು. ಚಾರ್ಟು, ಬಾಣದ ಗುರುತು, ಸ್ಲೈಡು ಎಲ್ಲ ತೋರಿಸಿದರು. ಯಾರ ಮುಖವೂ ಅರಳಲಿಲ್ಲ.

ಆಮೇಲೆ ಅವರು ಒಂದು ಸಣ್ಣ ಸಂಗತಿ ಹೇಳತೊಡಗಿದರು. 1995ರ ಜೂನ್‌ನಲ್ಲಿ ಜಾಂಬಿಯಾ ದೇಶದ ಕಾಮನಾ ಎಂಬ ಸಣ್ಣ ಊರಿನ ಆರೋಗ್ಯ ಕಾರ್ಯಕರ್ತರೊಬ್ಬರು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ ವೆಬ್‌ಸೈಟಿಗೆ ಹೋಗಿ ಮಲೇರಿಯಾ ಚಿಕಿತ್ಸೆಯ ಬಗ್ಗೆ ಇದ್ದ ಪ್ರಶ್ನೆಗೆ ಉತ್ತರ ಪಡೆದರು. ಜಗತ್ತಿನ ತೀರಾ ಬಡ ದೇಶಗಳಲ್ಲೊಂದು, ರಾಜಧಾನಿಯಿಂದ ನೂರಾರು ಕಿಲೋಮೀಟರ್ ದೂರದ ಊರು, ಆದರೂ ಉತ್ತರ ಸಿಕ್ಕಿತು. ಈ ಚಿತ್ರದಲ್ಲಿ ಎಲ್ಲೂ ಇಲ್ಲದಿರುವುದು ವಿಶ್ವಬ್ಯಾಂಕ್.

ಕಥೆ ಎಂದು ಕರೆಯಲು ಇದರಲ್ಲಿ ಹೆಚ್ಚೇನೂ ಇಲ್ಲ. ಕಾರ್ಯಕರ್ತರ ಹೆಸರಿಲ್ಲ, ಹಳ್ಳಿಯ ವರ್ಣನೆಯಿಲ್ಲ, ರೋಗಿ ಬದುಕಿದನೋ ಇಲ್ಲವೋ ತಿಳಿಯುವುದಿಲ್ಲ. ಕಥೆಗಾರರು ಕೇಳಿದರೆ ಮೂಗು ಮುರಿಯಬಹುದು. ಅದರ ಶಕ್ತಿ ಇದ್ದದ್ದು ಆ ಖಾಲಿ ಜಾಗದಲ್ಲೇ. ಕೇಳಿದ ಅಧಿಕಾರಿ ತನ್ನ ಇಲಾಖೆಯನ್ನು, ತಾನು ಕೆಲಸ ಮಾಡಿದ ದೇಶವನ್ನು ಅಲ್ಲಿ ತುಂಬಿಕೊಂಡು, ನಾವು ಯಾಕೆ ಅಲ್ಲಿರಲಿಲ್ಲ ಎಂದು ತಾನೇ ಕೇಳಿಕೊಂಡ. 1996ರ ಅಕ್ಟೋಬರಿನಲ್ಲಿ ಬ್ಯಾಂಕಿನ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ವಿಶ್ವಬ್ಯಾಂಕ್ ಇನ್ನು ಜ್ಞಾನದ ಬ್ಯಾಂಕೂ ಆಗಬೇಕೆಂದು ಸಾರಿದರು. ಡೆನ್ನಿಂಗ್ ಇಂಥ ಕಥೆಯನ್ನು ಜಿಗಿಹಲಗೆಗೆ ಹೋಲಿಸಿದರು: ಹಲಗೆ ತಾನು ಹಾರುವುದಿಲ್ಲ, ಅದರ ಮೇಲೆ ನಿಂತವನು ಹಾರುತ್ತಾನೆ.

ಆಮೇಲೆ ಬಂದವರಲ್ಲಿ ಆನೆಟ್ ಸಿಮನ್ಸ್ 2001ರ ಪುಸ್ತಕದಲ್ಲಿ ಆರು ಬಗೆಯ ಕಥೆಗಳನ್ನು ಹೆಸರಿಸಿದರು. ಮುಂದಾಳು ಎಲ್ಲಕ್ಕಿಂತ ಮೊದಲು ಉತ್ತರಿಸಬೇಕಾದದ್ದು ‘ನೀವು ಯಾರು, ಇಲ್ಲಿಗೆ ಯಾಕೆ ಬಂದಿರಿ’ ಎಂಬ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಎಂಬುದು ಅವರ ವಾದ. ಹಾರ್ವರ್ಡ್‌ನ ಮಾರ್ಷಲ್ ಗಾಂಜ್ ರೈತ ಕಾರ್ಮಿಕರ ಸಂಘಟನೆಯಿಂದ ಬಂದವರು. ನನ್ನ ಕಥೆ, ನಮ್ಮ ಕಥೆ, ಈ ಹೊತ್ತಿನ ಕಥೆ ಎಂಬ ಅವರ ಮೂರು ಮೆಟ್ಟಿಲುಗಳನ್ನು ಒಬಾಮಾ ಅವರ ಚುನಾವಣಾ ಕಾರ್ಯಕರ್ತರಿಗೆ 2007ರಲ್ಲಿ ಕಲಿಸಲಾಯಿತು. ಕಂಪನಿಗಳ ತರಬೇತಿಗಳು ಇವತ್ತು ಇದನ್ನೇ ತಿರುಗಿಸಿ ಮುರುಗಿಸಿ ಬಳಸುತ್ತವೆ. ನಡುವಿನ ಮೆಟ್ಟಿಲನ್ನು ಹಾರಿ ‘ನನ್ನ ಕಥೆ’ಯಲ್ಲೇ ಉಳಿದುಬಿಡುವುದೇ ಹೆಚ್ಚು.

ಮನಸ್ಸಿನಲ್ಲಿ ನಡೆಯುವುದು

ಕಥೆ ನೆನಪಿನಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. 1969ರಲ್ಲಿ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ ಹತ್ತು ಹತ್ತು ಪದಗಳ ಹನ್ನೆರಡು ಪಟ್ಟಿಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಪದಗಳನ್ನು ಪೋಣಿಸಿ ಕಥೆ ಕಟ್ಟಿಕೊಂಡವರು ಕೊನೆಯಲ್ಲಿ ಶೇ. 93ರಷ್ಟನ್ನು ನೆನಪಿಸಿಕೊಂಡರೆ, ಉರು ಹೊಡೆದವರಿಗೆ ಉಳಿದದ್ದು ಶೇ. 13. ಸ್ಟ್ಯಾನ್‌ಫರ್ಡ್‌ನ ಚಿಪ್ ಹೀತ್ ತರಗತಿಯಲ್ಲಿ ಒಂದು ನಿಮಿಷದ ಭಾಷಣಗಳನ್ನು ಮಾಡಿಸಿ ಸ್ವಲ್ಪ ಹೊತ್ತಿನ ನಂತರ ಏನು ನೆನಪಿದೆ ಎಂದು ಕೇಳುತ್ತಿದ್ದರು. ಶೇ. 63ರಷ್ಟು ಮಂದಿಗೆ ಕಥೆ ನೆನಪಿತ್ತು, ಯಾವುದಾದರೊಂದು ಅಂಕಿ ನೆನಪಿದ್ದದ್ದು ಶೇ. 5 ಮಂದಿಗೆ.

ಪ್ರಿನ್ಸ್‌ಟನ್‌ನ ಊರಿ ಹ್ಯಾಸನ್ ತಂಡ 2010ರಲ್ಲಿ ಕಥೆ ಹೇಳುವವರ ಮತ್ತು ಕೇಳುವವರ ಮಿದುಳಿನ ಚಟುವಟಿಕೆಯನ್ನು ಅಳೆದು, ಕಥೆ ಅರ್ಥವಾದಷ್ಟೂ ಎರಡೂ ಒಂದೇ ಲಯಕ್ಕೆ ಬರುವುದನ್ನು ತೋರಿಸಿತು. ಕೇಳುವವರಿಗೆ ಬಾರದ ರಷ್ಯನ್ ಭಾಷೆಯಲ್ಲಿ ಕಥೆ ಹೇಳಿದಾಗ ಆ ಹೊಂದಾಣಿಕೆ ಮಾಯವಾಯಿತು. ಶಾಪ್ ಫ್ಲೋರಿನ ಜನಕ್ಕೆ ಇಂಗ್ಲಿಷ್‌ನಲ್ಲಿ ಟೌನ್‌ಹಾಲ್ ಸಭೆ ನಡೆಸುವವರು ಯೋಚಿಸಬೇಕಾದ ಮಾತು. ನಿರ್ದೇಶಕರು ಹೃದಯ ಬಿಚ್ಚಿ ಹೇಳಿದ್ದನ್ನು ಸುಪರ್ವೈಸರ್ ಒಂದು ಸಾಲಿನಲ್ಲಿ ‘ಟಾರ್ಗೆಟ್ ಜಾಸ್ತಿ ಆಗಿದೆ ಅಂತೆ’ ಎಂದು ಅನುವಾದಿಸಿದರೆ ತಪ್ಪು ಸುಪರ್ವೈಸರದ್ದಲ್ಲ.

ಕೆಲಸದ ಮೇಲೇ ನೇರ ಪರಿಣಾಮ ಅಳೆದ ಅಧ್ಯಯನಗಳಲ್ಲಿ ಆಡಮ್ ಗ್ರಾಂಟ್ ಮತ್ತು ಜೊತೆಗಾರರ 2007ರ ಪ್ರಯೋಗ ಪ್ರಸಿದ್ಧ. ವಿಶ್ವವಿದ್ಯಾಲಯಕ್ಕಾಗಿ ಫೋನ್ ಮಾಡಿ ದೇಣಿಗೆ ಕೇಳುವ ಕಾಲ್ ಸೆಂಟರಿನ ಕೆಲಸಗಾರರಲ್ಲಿ ಒಂದು ಗುಂಪಿಗೆ, ಆ ಹಣದಿಂದ ಓದುತ್ತಿರುವ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯ ಶೇ. 142, ಕೂಡಿಸಿದ ಹಣ ಶೇ. 171 ಹೆಚ್ಚಿತ್ತು. ಗಮನಿಸಿ, ಅಲ್ಲಿ ಮ್ಯಾನೇಜರ್ ಭಾಷಣ ಮಾಡಲಿಲ್ಲ. ಕಥೆ ಯಾರದೋ ಅವರೇ ಬಂದು ಹೇಳಿದರು.

ಈ ಕ್ಷೇತ್ರದಲ್ಲಿ ಪೊಳ್ಳು ಅಂಕಿಗಳಿಗೂ ಬರವಿಲ್ಲ. ಕಥೆಯಾಗಿ ಹೇಳಿದ ವಿಷಯ 22 ಪಟ್ಟು ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹೆಸರಿನಲ್ಲಿ ನೂರಾರು ಸ್ಲೈಡುಗಳು ಸಾರುತ್ತವೆ. ಬ್ರೂನರ್ 1986ರಲ್ಲಿ ವಾದಿಸಿದ್ದು ತರ್ಕದ ಯೋಚನೆ, ಕಥನದ ಯೋಚನೆ ಎರಡೂ ಬೇರೆ, ಒಂದನ್ನು ಇನ್ನೊಂದಕ್ಕೆ ಇಳಿಸಲಾಗದು ಎಂದು. ಅದಕ್ಕೂ ಈ 22ಕ್ಕೂ ನಂಟಿಲ್ಲ. ಕಥೆ ಕೇಳಿದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ ಎಂಬ ಪ್ರಚಾರವನ್ನೂ ಅನುಮಾನದಿಂದಲೇ ನೋಡುವುದು ಲೇಸು.

ಸ್ಲೈಡು ಮತ್ತು ವಾಕ್ಯ

ಕಥನ ಬಿಟ್ಟು ಸ್ಲೈಡು ಹಿಡಿದರೆ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದಾಗ ಇಂಧನ ಟ್ಯಾಂಕಿನಿಂದ ಕಳಚಿದ ನೊರೆಯ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಅಪಾಯವನ್ನು ಅಂದಾಜು ಮಾಡಿ ನಾಸಾದ ಅಧಿಕಾರಿಗಳಿಗೆ ಸ್ಲೈಡುಗಳಲ್ಲಿ ವಿವರಿಸಿದರು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಮಾಹಿತಿ ವಿನ್ಯಾಸದ ವಿದ್ವಾಂಸ ಎಡ್ವರ್ಡ್ ಟಫ್ಟಿ ಆ ಸ್ಲೈಡುಗಳಲ್ಲಿ ಒಂದನ್ನು ಬಿಡಿಸಿ ನೋಡಿದರು. ತನಿಖಾ ಮಂಡಳಿಯ ವರದಿಯಲ್ಲೂ ಅವರ ವಿಶ್ಲೇಷಣೆ ಸೇರಿದೆ. ತಲೆಬರಹ ಧೈರ್ಯ ಹೇಳುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದು 3 ಘನ ಅಂಗುಲದ ತುಂಡು, ಈಗ ಬಡಿದದ್ದಕ್ಕೆ ಹಿಡಿದ ಲೆಕ್ಕ 1920 ಘನ ಅಂಗುಲ ಎಂಬ, ಎದೆ ಝಲ್ಲೆನ್ನಿಸುವ ಮಾತು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಅಡ್ಡಗೆರೆಯ ಪಕ್ಕದಲ್ಲಿ ಕೂತಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ‘ಆದ್ದರಿಂದ’ ಎಂಬ ಪದ ಮಾತ್ರ ಎಲ್ಲೂ ಇರಲಿಲ್ಲ.

ಕನ್ನಡ ಬಲ್ಲವರಿಗೆ ಈ ತೊಂದರೆ ಬೇಗ ತಿಳಿಯುತ್ತದೆ. ನಮ್ಮ ವಾಕ್ಯದ ಜೀವ ಕೊನೆಯ ಕ್ರಿಯಾಪದದಲ್ಲಿದೆ. ಬುಲೆಟ್ ಪಾಯಿಂಟು ಮೊದಲು ಕೈಬಿಡುವುದೇ ಅದನ್ನು. ‘ಪೂರೈಕೆ ವಿಳಂಬ. ಗ್ರಾಹಕರ ಅಸಮಾಧಾನ. ಸಿಬ್ಬಂದಿ ಕೊರತೆ.’ ಮೂರು ಸಾಲು. ಯಾವುದರಿಂದ ಯಾವುದಾಯಿತು, ಮಾಡಿದವರು ಯಾರು, ಮಾಡದವರು ಯಾರು ಒಂದೂ ತಿಳಿಯುವುದಿಲ್ಲ. ತಿಳಿಯದಿರಲಿ ಎಂದೇ ಹಾಗೆ ಬರೆಯುವುದೂ ಉಂಟು.

3ಎಂ ಕಂಪನಿಯ ಗಾರ್ಡನ್ ಷಾ ಯೋಜನೆಗಳನ್ನು ಪಟ್ಟಿಯ ಬದಲು ಕಥನವಾಗಿ ಬರೆಸಿದ ಅನುಭವವನ್ನು 1998ರಲ್ಲಿ ಪ್ರಕಟಿಸಿದರು. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರ ಜೂನ್‌ನಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗುಗಳಿಂದ ಪವರ್‌ಪಾಯಿಂಟನ್ನು ಹೊರಗಿಟ್ಟರು. ಬದಲಿಗೆ ಪೂರ್ಣ ವಾಕ್ಯಗಳ, ಆರು ಪುಟ ಮೀರದ ಬರಹ. ಮೀಟಿಂಗ್ ಶುರುವಾಗುವುದು ಮೌನದಿಂದ. ಎಲ್ಲರೂ ಅಲ್ಲೇ ಕೂತು ಓದುತ್ತಾರೆ. ಇದು ಮನ ಕರಗಿಸುವ ಕಥೆಯಲ್ಲ, ಕಾರಣ ಮತ್ತು ಪರಿಣಾಮಗಳನ್ನು ಹೊಲಿಯುವ ಕಥನ. ಕೆಲಸದ ಜಾಗದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ.

ಬೆಂಗಳೂರಿನ ಎರಡು ಮೂರು ಕಥೆಗಳು

ಭಾರತದ ಆಡಳಿತ ತರಗತಿಗಳಲ್ಲಿ ಅತಿ ಹೆಚ್ಚು ಸಲ ಹೇಳಿದ ಕಥೆ ಯಾವುದೆಂದರೆ ಬಹುಶಃ ಸತೀಶ್ ಧವನ್ ಅವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಧವನ್ 1972ರಲ್ಲಿ ಇಸ್ರೋ ಹೊಣೆಯನ್ನೂ ಹೊತ್ತರು. ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಅವರ ಷರತ್ತುಗಳಿಗೆ ಇಂದಿರಾ ಗಾಂಧಿ ಒಪ್ಪಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3ರ ಮೊದಲ ಹಾರಾಟ. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಅವರೇ ಹೇಳಿರುವಂತೆ, ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ಉಡಾವಣೆಯನ್ನು ತಡೆಹಿಡಿಯಿತು. ತಜ್ಞರ ಮಾತು ನಂಬಿ ಅವರು ಅದನ್ನು ಬದಿಗೊತ್ತಿ ಮುಂದುವರಿದರು. ಎರಡನೆಯ ಹಂತದಲ್ಲಿ ಹತೋಟಿ ತಪ್ಪಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರು ಕಾಯುತ್ತಿದ್ದರು. ಧವನ್ ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಪ್ರಶ್ನೆಗಳನ್ನು ಎದುರಿಸಿದರು, ಸೋಲನ್ನು ಮೈಮೇಲೆ ಹಾಕಿಕೊಂಡರು, ತಂಡದ ಮೇಲೆ ನಂಬಿಕೆಯಿದೆ ಎಂದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆ ದಿನ ಧವನ್, ಪತ್ರಿಕಾಗೋಷ್ಠಿ ನೀವು ನಡೆಸಿ ಎಂದು ಕಲಾಂ ಅವರನ್ನು ಮುಂದೆ ಕಳಿಸಿದರು.

ಈ ಕಥೆಯನ್ನು ಹಬ್ಬಿಸಿದವರು ಧವನ್ ಅಲ್ಲ, ಕಲಾಂ. ರಾಷ್ಟ್ರಪತಿಯಾದ ಮೇಲೂ, ಆ ಹುದ್ದೆ ಬಿಟ್ಟ ಮೇಲೂ ದೇಶ ವಿದೇಶಗಳಲ್ಲಿ ಹೇಳುತ್ತ ಹೋದರು. ಧವನ್ ಮಾಡಿದ್ದು ಕೆಲಸ, ಕಥೆಯಾದದ್ದು ಅದನ್ನು ಪಡೆದವರ ಬಾಯಲ್ಲಿ. ಅದೇ ಸಂಗತಿಯನ್ನು ಧವನ್ ತಮ್ಮ ಬಗ್ಗೆ ತಾವೇ ವೇದಿಕೆ ಹತ್ತಿ ಹೇಳಿದ್ದರೆ ಎಷ್ಟು ತೂಗುತ್ತಿತ್ತು? ಮುಂದಾಳುಗಳಿಗೆ ಕಥೆ ಹೇಳುವ ಕಲೆ ಕಲಿಸುವ ಶಿಬಿರಗಳು ಈ ಕಥೆಯನ್ನು ಹೇಳುತ್ತವೆ, ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಇಸ್ರೋದ್ದೇ ಇನ್ನೊಂದು ಚಿತ್ರ: ಎತ್ತಿನ ಗಾಡಿಯ ಮೇಲೆ ಕೂತ ‘ಆ್ಯಪಲ್’ ಉಪಗ್ರಹ. 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ಹೊತ್ತೊಯ್ದ ಉಪಗ್ರಹ ಇದು. ಚಿತ್ರವನ್ನು ಲಾರಿಗೂ ಗತಿಯಿಲ್ಲದ ಕಾಲದ ಸಾಹಸ ಎಂದು ಹೇಳುವವರೇ ಬಹಳ. ಎಂಜಿನಿಯರುಗಳು ಹೇಳುವ ಕಾರಣ ಬೇರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಕಥೆ ಬಡತನವನ್ನು ಮೆರೆಸುತ್ತದೆ, ಇನ್ನೊಂದು ಜಾಣತನವನ್ನು. ನಿಜವಾದದ್ದೇ ಹೆಚ್ಚು ಚೆನ್ನಾಗಿದೆ, ಆದರೂ ಹೆಚ್ಚು ಓಡಾಡುವುದು ಮೊದಲನೆಯದು.

ಉದ್ಯಮದ ಕಡೆ, ಇನ್ಫೋಸಿಸ್‌ನ ಹುಟ್ಟಿನ ಕಥೆ ಕನ್ನಡಿಗರಿಗೆ ಬಾಯಿಪಾಠ: 1981, ಏಳು ಎಂಜಿನಿಯರುಗಳು, ಸುಧಾ ಮೂರ್ತಿ ಕೂಡಿಟ್ಟಿದ್ದ 10,000 ರೂಪಾಯಿ. ಅದಕ್ಕಿಂತ ಹಳೆಯದು ಅವರು ತಾವೇ ಬರೆದಿರುವ 1974ರ ಸಂಗತಿ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ನೋಟಿಸ್ ಬೋರ್ಡಿನಲ್ಲಿ ಟಾಟಾ ಸಮೂಹದ ಟೆಲ್ಕೋ ಕಂಪನಿಯ ಜಾಹೀರಾತು ಕಂಡರು. ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ ಎಂದಿತ್ತು. ಸಿಟ್ಟಿನಲ್ಲಿ ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಹುಟ್ಟಿನ ಕಥೆಗಳು ಒಂದನ್ನು ಬೆಳಗಿಸುವಾಗ ಪಕ್ಕದ್ದು ನೆರಳಿಗೆ ಸರಿಯುತ್ತದೆ. ಹತ್ತು ಸಾವಿರ ರೂಪಾಯಿ ನೆನಪಿರುವಷ್ಟು, ಸ್ಥಾಪಕರು ಅದಕ್ಕೂ ಮೊದಲು ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಪಡೆದ ಅನುಭವ ಯಾರ ನೆನಪಿನಲ್ಲೂ ಇಲ್ಲ.

ಹೇಳುವ ಬಗೆ

ಪೀಣ್ಯದ ಪ್ರೆಸ್ ಶಾಪೊಂದನ್ನು ಕಲ್ಪಿಸಿಕೊಳ್ಳಬಹುದು. ‘ಸುರಕ್ಷತಾ ನಿಯಮಗಳನ್ನು ಕಡ್ಡಾಯವಾಗಿ ಪಾಲಿಸಿ’ ಎಂದು ದಿನವೂ ಹೇಳುವ ಫೋರ್ಮನ್ ಒಂದು ದಿನ ಹೀಗೆ ಹೇಳುತ್ತಾನೆ: ‘ನಿನ್ನೆ ಸೆಕೆಂಡ್ ಶಿಫ್ಟ್, ಬೆಲ್ ಹೊಡೆಯೋಕೆ ಹತ್ತು ನಿಮಿಷ ಇತ್ತು. ಇನ್ನೂ ನಲವತ್ತು ಪೀಸ್ ಬಾಕಿ. ಎರಡು ಕೈಯಲ್ಲೂ ಬಟನ್ ಒತ್ತಿದರೆ ಲೇಟಾಗುತ್ತೆ ಅಂತ ಒಂದು ಬಟನ್‌ಗೆ ಮರದ ಚೂರು ಸಿಗಿಸಿದ್ದ. ಪ್ರೆಸ್ ಬಂತು. ಗ್ಲೌಸಿನ ತುದಿ ಹೋಯ್ತು, ಬೆರಳು ಉಳೀತು. ಆ ಚೂರು ಇದೇ ನೋಡಿ.’ ಜೇಬಿನಿಂದ ತೆಗೆದು ಮೇಜಿನ ಮೇಲಿಡುತ್ತಾನೆ. ಮುಂದೆ ಅವನು ಏನೂ ಹೇಳಬೇಕಾಗಿಲ್ಲ, ಹೇಳಿದರೆ ಕೆಡುತ್ತದೆ. ಗಂಟೆ, ಬಾಕಿ ಪೀಸುಗಳು, ಮರದ ಚೂರು ಇವು ಕೇಳುವವರ ಕೈಗೆ ಗೊತ್ತಿರುವ ವಸ್ತುಗಳು. ಹೆಸರು ಹೇಳದೆ ಬಿಟ್ಟದ್ದೂ ಕುಶಲತೆಯೇ. ನಲವತ್ತು ಪೀಸಿನ ಒತ್ತಡ ಹಾಕಿದವರು ಯಾರು ಎಂಬ ಪ್ರಶ್ನೆಯನ್ನು ಕಥೆ ಮುಚ್ಚಿಲ್ಲ, ಹಾಗಾಗಿ ಅದು ಬರೀ ಬೆದರಿಕೆಯಾಗಲಿಲ್ಲ.

ಹರಿಕಥೆ ದಾಸರಿಂದ ಕಲಿಯುವುದೂ ಇದೆ. ಅವರು ಮೂಲ ಕಥೆಯನ್ನು ನಿಲ್ಲಿಸಿ ಉಪಕಥೆಗೆ ಹೊರಳುತ್ತಾರೆ, ನಗಿಸುತ್ತಾರೆ, ಆದರೆ ಬಿಟ್ಟ ಜಾಗಕ್ಕೇ ಸರಿಯಾಗಿ ಮರಳುತ್ತಾರೆ. ಮೀಟಿಂಗಿನ ಕಥೆಗಾರರು ಹೊರಳುವುದರಲ್ಲಿ ನಿಪುಣರು.

ಮುಂದೆ ಆಗುವುದನ್ನೂ ಕಥೆಯಾಗಿ ಹೇಳಬಹುದು. ಅಗ್ನಿಶಾಮಕ ದಳದವರ ನಿರ್ಧಾರಗಳನ್ನು ಅವರ ಕಥೆಗಳ ಮೂಲಕವೇ ಅಭ್ಯಾಸ ಮಾಡಿದ ಗ್ಯಾರಿ ಕ್ಲೈನ್ 2007ರಲ್ಲಿ ಪ್ರಚಾರಕ್ಕೆ ತಂದ ವಿಧಾನ ಇದು. ಯೋಜನೆ ಶುರುವಾಗುವ ಮೊದಲೇ ತಂಡವನ್ನು ಕೂರಿಸಿ, ಇದು ಪೂರ್ತಿ ಮುಳುಗಿಹೋಗಿದೆ ಎಂದುಕೊಳ್ಳಿ, ಯಾಕೆ ಮುಳುಗಿತು ಬರೆಯಿರಿ ಎನ್ನುವುದು. ‘ಅಪಾಯಗಳೇನು’ ಎಂದು ಕೇಳಿದರೆ ಬಾಯಿಬಿಡದ ಕಿರಿಯರು, ಸೋತ ಯೋಜನೆಯ ಕಥೆ ಬರೆಯಿರಿ ಎಂದರೆ ಬರೆಯುತ್ತಾರೆ. ಅಪಶಕುನ ನುಡಿದರೆಂಬ ಆಪಾದನೆ ಅವರ ಮೇಲೆ ಬರುವುದಿಲ್ಲ.

ದಮನಕನ ಸಂತತಿ

ಕಥೆ ಸುಳ್ಳನ್ನೂ ಅಷ್ಟೇ ಸಲೀಸಾಗಿ ಹೊರುತ್ತದೆ. ಒಂದು ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುವ ಯಂತ್ರವಿದೆ ಎಂದ ಥೆರಾನೋಸ್‌ನ ಎಲಿಜಬೆತ್ ಹೋಮ್ಸ್, ಕ್ಯಾನ್ಸರಿನಿಂದ ತೀರಿಕೊಂಡ ಬಂಧುವೊಬ್ಬರ ಕಥೆಯಿಂದ ಸಭೆಗಳನ್ನು ಗೆದ್ದರು. ಕಂಪನಿಯ ಬೆಲೆ 900 ಕೋಟಿ ಡಾಲರ್ ಮುಟ್ಟಿತ್ತು. ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. 2022ರಲ್ಲಿ ವಂಚನೆ ರುಜುವಾತಾಗಿ ಹನ್ನೊಂದು ವರ್ಷಕ್ಕೂ ಮೀರಿದ ಸೆರೆ ಶಿಕ್ಷೆಯಾಯಿತು. ಫ್ರೆಂಚ್ ಲೇಖಕ ಕ್ರಿಸ್ತಿಯಾನ್ ಸಾಲ್ಮೋನ್ 2007ರಲ್ಲೇ, ಕಂಪನಿ ಮತ್ತು ರಾಜಕಾರಣಗಳು ಕಥೆಯನ್ನು ಮನಸ್ಸು ಪಳಗಿಸುವ ಯಂತ್ರ ಮಾಡಿಕೊಂಡಿವೆ ಎಂದು ಬರೆದಿದ್ದರು.

ಪ್ರಾಮಾಣಿಕ ಕಥೆಯೂ ಅಳತೆ ತಪ್ಪಿಸುತ್ತದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಾಲಿ ದೇಶದ ಏಳು ವರ್ಷದ ಹುಡುಗಿಯೊಬ್ಬಳ ಚಿತ್ರ ಮತ್ತು ಕಥೆ ನೋಡಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಹಸಿದವರ ಅಂಕಿಸಂಖ್ಯೆ ನೋಡಿದವರು ಕೊಟ್ಟದ್ದು 1.14. ಕಥೆ, ಅಂಕಿ ಎರಡನ್ನೂ ಕೊಟ್ಟಾಗ 1.43. ಅಂಕಿ ಸೇರಿಸಿದ್ದೇ ಕರುಣೆ ಇಳಿಯಿತು. ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಮೀಟಿಂಗಿನಲ್ಲಿ ಒಂದು ಒಳ್ಳೆಯ ಕಥೆ ನೂರು ಊರುಗಳ ಲೆಕ್ಕವನ್ನು ಹೀಗೆಯೇ ಮುಳುಗಿಸಬಲ್ಲದು.

ಈ ಕ್ಷೇತ್ರದ ಪಂಡಿತರೇ ಎಡವಿದ್ದೂ ಇದೆ. ಹಿಮದಲ್ಲಿ ದಾರಿ ತಪ್ಪಿದ ಸೈನಿಕರ ತುಕಡಿ ಯಾವುದೋ ಬೇರೆ ಪರ್ವತದ ನಕ್ಷೆ ಹಿಡಿದು ಪಾರಾದ ಕಥೆಯನ್ನು ಕಾರ್ಲ್ ವೈಕ್ ಪದೇಪದೇ ಬಳಸಿದರು. ಅದು ಜೆಕ್ ಕವಿ ಮಿರೊಸ್ಲಾವ್ ಹೊಲುಬ್ ಅವರ ಕವಿತೆಯಿಂದ ಬಂದದ್ದೆಂಬ ಋಣ ಬಹುಕಾಲ ಸರಿಯಾಗಿ ದಾಖಲಾಗಲಿಲ್ಲ. ಚಂದ್ರನ ಮೇಲೆ ಮನುಷ್ಯನನ್ನು ಕಳಿಸಲು ನೆರವಾಗುತ್ತಿದ್ದೇನೆ ಎಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಹೇಳಿದ ನಾಸಾದ ಕಸಗುಡಿಸುವವನಂತೂ ಜಗತ್ತಿನ ಎಲ್ಲ ತರಬೇತಿ ಕೋಣೆಗಳಲ್ಲೂ ಪೊರಕೆ ಹಿಡಿದು ನಿಂತಿದ್ದಾನೆ. ಅವನು ಇದ್ದನೆಂಬುದಕ್ಕೆ ದಾಖಲೆಯಿಲ್ಲ.

ಹೇಳದ ಕಥೆಗಳು

ಹೇಳುವುದಕ್ಕಿಂತ ಕೇಳುವುದರ ಬಗ್ಗೆ ಬರೆದದ್ದು ಕಡಿಮೆ. ಮಾರ್ಟಿನ್ ಅವರ ಏಳು ಪ್ರಶ್ನೆಗಳಿಗೆ ತಮ್ಮ ಸಂಸ್ಥೆಯ ಕ್ಯಾಂಟೀನ್ ಯಾವ ಉತ್ತರ ಕೊಡುತ್ತಿದೆ ಎಂದು ತಿಳಿದ ಮುಂದಾಳುಗಳು ವಿರಳ. ಬಾಗಿಲಲ್ಲಿ ಅವರು ಕಂಡ ಕೂಡಲೇ ಮಾತು ನಿಲ್ಲುತ್ತದೆ. ವೇದಿಕೆಯ ಕಥೆ ಒಂದು, ಕ್ಯಾಂಟೀನಿನ ಕಥೆ ಇನ್ನೊಂದು ಆದಾಗ ಜನ ನಂಬುವುದು ಎರಡನೆಯದನ್ನು. ಸಾಮಾನ್ಯವಾಗಿ ಕೆಲಸಗಾರರ ಕಥೆಯನ್ನು ಸಂಸ್ಥೆ ಸಾವಧಾನವಾಗಿ ಕೇಳಿಸಿಕೊಳ್ಳುವುದು ಒಂದೇ ಸಲ, ರಾಜೀನಾಮೆ ಕೊಟ್ಟ ಮೇಲಿನ ಎಕ್ಸಿಟ್ ಇಂಟರ್‌ವ್ಯೂನಲ್ಲಿ. ಆ ಹೊತ್ತಿಗೆ ಅವರು ಜಗಳ ಬೇಡವೆಂದು ‘ಎಲ್ಲ ಚೆನ್ನಾಗಿತ್ತು ಸರ್’ ಎನ್ನುತ್ತಾರೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರು ಕಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿಯಾಗಿ, ಗೂಟದ ಮೇಲೆ ಗಂಡಸಿನ ಕೋಟಾಗಿ ಕೂತವು. ಮನೆಗೆ ಬಂದ ಗಂಡ ಯಾರು ಬಂದಿದ್ದರು ಎಂದ, ಅವಳಿಗೆ ಗೊತ್ತಿಲ್ಲ. ಜಗಳವಾಗಿ ಅವನು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಅಲ್ಲಿ ಸೇರಿ ಹರಟುವುದು ರೂಢಿ. ಅವತ್ತು ತಡವಾಗಿ ಬಂದ ಅವನ ಮನೆಯ ಜ್ವಾಲೆ ನಡೆದದ್ದನ್ನೆಲ್ಲ ಹೇಳಿತು. ಕೇಳಿಸಿಕೊಂಡ ಗಂಡ ಬೆಳಿಗ್ಗೆ ಮನೆಗೆ ಬಂದು, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.